ಎಂಜಿನ್ ಬಂದ್ ಮಾಡಿದರೆ ಗಾಡಿ ಸುಮ್ಮನಾಗುವುದಿಲ್ಲ

ಯಾದಗಿರಿಯಿಂದ ಸೈದಾಪುರದ ಕಡೆ ಹೊರಟರೆ, ಕಡೇಚೂರು ಹತ್ತಿರವಾಗುತ್ತಿದ್ದಂತೆ ರಸ್ತೆಯ ಮೇಲಿನ ಗಾಡಿಗಳೇ ಬೇರೆಯಾಗುತ್ತವೆ. ಟಂಟಂ, ಟ್ರ್ಯಾಕ್ಟರುಗಳ ನಡುವೆ ಹತ್ತು ಹನ್ನೆರಡು ಗಾಲಿಯ ಲಾರಿಗಳು, ರಾಸಾಯನಿಕ ತುಂಬಿದ ಟ್ಯಾಂಕರುಗಳು, ಟಿಪ್ಪರುಗಳು ಸೇರಿಕೊಳ್ಳುತ್ತವೆ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಮೂರು ಸಾವಿರ ಎಕರೆಗೂ ಹೆಚ್ಚು ಜಮೀನು ಹೋದದ್ದು, ರೈಲ್ವೆ ಬೋಗಿಯ ಚೌಕಟ್ಟು ಮಾಡುವ ಕಾರ್ಖಾನೆ ಬಂದದ್ದು, ಅದರ ಹಿಂದೆಯೇ ಔಷಧ ಮತ್ತು ರಾಸಾಯನಿಕ ಕಂಪನಿಗಳು ಬಂದದ್ದು, ಅವುಗಳ ಹೊಗೆ–ವಾಸನೆಯ ಬಗ್ಗೆ ಸುತ್ತಲಿನ ಊರವರು ತಕರಾರು ಎತ್ತಿದ್ದು ಎಲ್ಲವೂ ಪತ್ರಿಕೆಗಳಲ್ಲಿ ಬಂದಿದೆ. ಈ ಗಾಡಿಗಳು ಕೆಟ್ಟು ನಿಂತಾಗ ಅವುಗಳ ಹೊಟ್ಟೆಯ ಕೆಳಗೆ ನುಸುಳುವವರ ಬಗ್ಗೆ ಮಾತ್ರ ಯಾರೂ ಬರೆದಂತಿಲ್ಲ.

ಜಿಲ್ಲೆಯ ಉಳಿದ ಕಡೆಯೂ ಗ್ಯಾರೇಜಿಗೆ ಬಿಡುವೆಂಬುದಿಲ್ಲ. ನಾರಾಯಣಪುರದ ಬಸವಸಾಗರದಿಂದ ಕಾಲುವೆಗೆ ನೀರು ಬಿಟ್ಟರೆ ಸುರಪುರ, ಹುಣಸಗಿ, ಶಹಾಪುರದ ಗದ್ದೆಗಳಿಗೆ ಟ್ರ್ಯಾಕ್ಟರುಗಳು ಇಳಿಯುತ್ತವೆ. ಹತ್ತಿ ಬಿಡಿಸುವ ಕಾಲಕ್ಕೆ ಜಿನ್ನಿಂಗ್ ಮಿಲ್ಲುಗಳ ಮುಂದೆ ಲಾರಿಗಳ ಸಾಲು ನಿಲ್ಲುತ್ತದೆ. ಜೇವರ್ಗಿಯಿಂದ ಶಹಾಪುರ, ಸುರಪುರದ ಮೂಲಕ ಲಿಂಗಸುಗೂರಿನತ್ತ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ವರ್ಷವಿಡೀ ದೂರದ ಗಾಡಿಗಳು ಓಡುತ್ತವೆ. ಇವುಗಳನ್ನೆಲ್ಲ ರಿಪೇರಿ ಮಾಡುವುದು ಬೇವಿನ ಗಿಡದ ನೆರಳು, ನಾಲ್ಕು ತಗಡು, ಒಂದು ಕಂಪ್ರೆಸರ್, ಒಂದು ವೆಲ್ಡಿಂಗ್ ಮಷಿನ್ ಇರುವ ಅಂಗಡಿಗಳು. ಅಲ್ಲಿ ಒಬ್ಬ ಉಸ್ತಾದ, ಅವನ ಕೈಕೆಳಗೆ ಇಬ್ಬರು ಮೂವರು ಹುಡುಗರು. ಉಸ್ತಾದನ ಕೈಗುಣದ ಬಗ್ಗೆ ನನಗೆ ಅನುಮಾನವಿಲ್ಲ. ಎಷ್ಟೋ ಸಲ ಕಂಪನಿಯ ಶೋರೂಮಿನಲ್ಲಿ ಬಗೆಹರಿಯದ ದೋಷ ಗಿಡದ ಕೆಳಗೆ ಬಗೆಹರಿದಿದೆ. ಅನುಮಾನ ಇರುವುದು ಅವನು ಕೆಲಸ ಶುರು ಮಾಡುವ ರೀತಿಯ ಬಗ್ಗೆ.

ಚಾವಿ ತಿರುಗಿಸಿ ಎಂಜಿನ್ ಬಂದ್ ಮಾಡಿದ ಕೂಡಲೇ ಗಾಡಿ ನಿಂತಿತು ಎಂದು ನಾವೆಲ್ಲ ತಿಳಿಯುತ್ತೇವೆ. ನಿಂತದ್ದು ಎಂಜಿನ್ ಮಾತ್ರ. ಟನ್ನುಗಟ್ಟಲೆ ಭಾರ ಹಾಗೆಯೇ ಇದೆ. ಟಯರಿನಲ್ಲಿ, ಬ್ರೇಕಿನ ಟ್ಯಾಂಕಿನಲ್ಲಿ ಹವಾ ಇದೆ. ಬ್ರೇಕ್ ಚೇಂಬರಿನೊಳಗೆ ಒತ್ತಿಟ್ಟ ಸ್ಪ್ರಿಂಗ್ ಇದೆ. ಡೀಸೆಲ್ ಪೈಪಿನಲ್ಲಿ, ಹೈಡ್ರಾಲಿಕ್ ಹೋಸಿನಲ್ಲಿ, ರೇಡಿಯೇಟರಿನಲ್ಲಿ ಒತ್ತಡ ಇದೆ. ಬ್ಯಾಟರಿಯಲ್ಲಿ ಕರೆಂಟ್ ಇದೆ. ಗ್ಯಾರೇಜಿನ ಅಪಘಾತಗಳಲ್ಲಿ ಬಹುಪಾಲು ಆಗುವುದು ಇವುಗಳಲ್ಲಿ ಯಾವುದೋ ಒಂದು ತಾನಿರಬೇಕಾದ ಜಾಗ ಬಿಟ್ಟು ಹೊರಬಂದಾಗ. ದೋಷ ಹುಡುಕುವುದು ಅಂದರೂ ಕಡೆಗೆ ಇದೇ: ಬಲ ಎಲ್ಲಿಂದ ಹೊರಟಿತು, ಎಲ್ಲಿಗೆ ಮುಟ್ಟಬೇಕಿತ್ತು, ನಡುವೆ ಎಲ್ಲಿ ಸೋರಿತು. ಈ ಪ್ರಶ್ನೆ ಕೇಳಿಕೊಂಡು ಪಾನಾ ಎತ್ತುವ ಮಿಸ್ತ್ರಿಗೆ ದೋಷವೂ ಸಿಗುತ್ತದೆ, ಕೈಯೂ ಉಳಿಯುತ್ತದೆ. ಇವೆರಡನ್ನು ಬೇರೆ ಬೇರೆ ವಿದ್ಯೆಯೆಂದು ಕಲಿಸುತ್ತ ಬಂದದ್ದೇ ತಪ್ಪಾಯಿತೆಂದು ನನಗೆ ಅನಿಸುತ್ತದೆ.

ಚಾವಿ ಯಾರ ಕಿಸೆಯಲ್ಲಿ?

ದೊಡ್ಡ ಕಾರ್ಖಾನೆಗಳಲ್ಲಿ ಯಂತ್ರವೊಂದರ ರಿಪೇರಿಗೆ ಇಳಿಯುವ ಮೊದಲು ಅದರ ಸ್ವಿಚ್ಚಿಗೆ ಬೀಗ ಜಡಿಯುತ್ತಾರೆ. ಬೀಗದ ಚಾವಿ ರಿಪೇರಿ ಮಾಡುವವನ ಬಳಿಯೇ ಇರುತ್ತದೆ, ಅವನು ಹೊರಬರದ ಹೊರತು ಬೇರಾರೂ ಚಾಲೂ ಮಾಡುವಂತಿಲ್ಲ. ಅದೇ ಕಾರ್ಖಾನೆಯ ಗೇಟಿನ ಹೊರಗೆ ಲಾರಿ ಕೆಟ್ಟರೆ ಈ ಪದ್ಧತಿ ಇಲ್ಲ. ಉಸ್ತಾದ ಕೆಳಗೆ ಮಲಗಿರುತ್ತಾನೆ, ಚಾವಿ ಗಾಡಿಯಲ್ಲೇ ನೇತಾಡುತ್ತಿರುತ್ತದೆ, ಕ್ಯಾಬಿನ್ನಿನಲ್ಲಿ ಕ್ಲೀನರ್ ಹುಡುಗ ಹಾಡು ಕೇಳುತ್ತ ಕೂತಿರುತ್ತಾನೆ. ಚಾವಿ ಕಿತ್ತು ತನ್ನ ಕಿಸೆಗೆ ಹಾಕಿಕೊಳ್ಳಲು ಉಸ್ತಾದನಿಗೆ ಒಂದು ಪೈಸೆ ಖರ್ಚಿಲ್ಲ.

ಹವಾ ಬ್ರೇಕಿನ ಲಾರಿಗಳಲ್ಲಿ ಇದು ಇನ್ನೂ ಮುಖ್ಯ. ಇಂಥ ಗಾಡಿಯ ಪಾರ್ಕಿಂಗ್ ಬ್ರೇಕ್ ಹಿಡಿಯುವುದು ಸ್ಪ್ರಿಂಗಿನಿಂದ, ಬಿಡುವುದು ಹವಾದಿಂದ. ಹವಾ ಸೋರಿ ಹೋದರೆ ಗಾಲಿಗಳು ತಾವಾಗಿಯೇ ಬಿಗಿಯುತ್ತವೆ, ಲಾರಿ ಇದ್ದಲ್ಲಿಯೇ ನಿಲ್ಲುತ್ತದೆ. ಬ್ರೇಕ್ ಹಿಡಿದಿದೆಯಲ್ಲ ಎಂದು ಮಿಸ್ತ್ರಿ ಧೈರ್ಯವಾಗಿ ಕೆಳಗೆ ಹೋಗಿ ಸೋರುವ ಪೈಪನ್ನು ಸರಿ ಮಾಡುತ್ತಾನೆ. ನೋಡೋಣವೆಂದು ಮೇಲಿನವರು ಎಂಜಿನ್ ಚಾಲೂ ಮಾಡುತ್ತಾರೆ. ಹ್ಯಾಂಡ್ ಬ್ರೇಕಿನ ಹಿಡಿ ಬಿಟ್ಟ ಸ್ಥಿತಿಯಲ್ಲೇ ಇದ್ದರೆ, ಟ್ಯಾಂಕು ತುಂಬುತ್ತಿದ್ದಂತೆ ಬ್ರೇಕ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಸ್ವಲ್ಪ ಇಳಿಜಾರಿದ್ದರೂ ಸಾಕು, ಲಾರಿ ಕೆಳಗಿದ್ದವನ ಮೇಲೆ ಉರುಳುತ್ತದೆ. ಅಂದರೆ ರಿಪೇರಿ ಸರಿಯಾದದ್ದೇ ಅಪಾಯಕ್ಕೆ ಕಾರಣ. ಗಾಲಿಯ ಹಿಂದೆ ಮುಂದೆ ಅಡ್ಡ ಕಟ್ಟಿಗೆ ಕೊಡದೆ ಕೆಳಗಿಳಿಯಬಾರದು ಎನ್ನುವುದು ಇದಕ್ಕೇ.

ಆ ಬ್ರೇಕ್ ಚೇಂಬರನ್ನೂ ಬಿಚ್ಚುವ ಹುರುಪು ಕೆಲವರಿಗಿದೆ. ಒಳಗಿನ ಸ್ಪ್ರಿಂಗಿನ ಬಲ ಸುಮಾರು ಒಂದು ಟನ್. ಅದನ್ನು ಹಿಡಿದಿಡುವ ಉದ್ದನೆಯ ಬೋಲ್ಟನ್ನು ಕಂಪನಿಯವರೇ ಕೊಟ್ಟಿರುತ್ತಾರೆ. ಅದನ್ನು ತೂರಿಸಿ ಬಿಗಿಯದೆ ಕ್ಲಾಂಪ್ ಸಡಿಲಿಸಿದರೆ ಮುಚ್ಚಳ ಗುಂಡಿನಂತೆ ಹಾರುತ್ತದೆ. ಸ್ಪ್ರಿಂಗಿನ ಭಾಗ ಹಾಳಾಗಿದ್ದರೆ ಇಡೀ ಚೇಂಬರ್ ಬದಲಿಸುವುದು ಸರಿ, ಬಿಚ್ಚಿ ಒಳಗೆ ನೋಡುವ ಅಗತ್ಯವೇ ಇಲ್ಲ.

ಜಾಕಿನ ವಿಷಯ ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ತಪ್ಪುವುದು ಅಲ್ಲಿಯೇ. ಜಾಕ್ ಎತ್ತಲಿಕ್ಕೆ ಇರುವ ಸಾಧನ, ಹೊರಲಿಕ್ಕಲ್ಲ. ಒಳಗಿನ ಒಂದು ರಬ್ಬರ್ ಸೀಲ್ ಹರಿದರೆ ಎತ್ತಿದ್ದೆಲ್ಲ ಕೆಳಗೆ ಕೂಡುತ್ತದೆ. ಎತ್ತಿದ ಮೇಲೆ ಭಾರವನ್ನು ಕಬ್ಬಿಣದ ಸ್ಟ್ಯಾಂಡಿಗೆ ಇಳಿಸಬೇಕು. ನಮ್ಮ ಕಡೆ ಇದಕ್ಕೆ ಎರಡು ತೊಡಕು ಹೆಚ್ಚಿಗೆ ಇವೆ. ಒಂದು, ಕರಿ ಎರೆಮಣ್ಣು. ಬೇಸಿಗೆಯಲ್ಲಿ ಕಲ್ಲಿನಂತೆ ಕಾಣುವ ಈ ನೆಲ ಕಾಲುವೆಯ ನೀರೋ ಒಂದು ಹದ ಮಳೆಯೋ ತಾಗಿದರೆ ಜಾಕನ್ನು ಅರ್ಧ ನುಂಗುತ್ತದೆ. ಇನ್ನೊಂದು, ಶಹಾಬಾದ್ ಪರಸಿ. ಕೈಗೆ ಸುಲಭಕ್ಕೆ ಸಿಗುವ ಕಲ್ಲೆಂದು ಅದನ್ನೇ ಜಾಕಿನ ಕೆಳಗೆ, ಆಕ್ಸಲಿನ ಕೆಳಗೆ ಪೇರಿಸುತ್ತಾರೆ. ನೆಲಕ್ಕೆ ಹಾಸಿ ಮೇಲೆ ನಡೆದಾಡಲು ಪರಸಿಯಂಥ ಕಲ್ಲಿಲ್ಲ. ಆದರೆ ಭಾರವೆಲ್ಲ ಒಂದೇ ಬಿಂದುವಿನ ಮೇಲೆ ಬಿದ್ದಾಗ ಅದು ಮುನ್ಸೂಚನೆ ಕೊಡದೆ ಸೀಳುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳೂ ಹಾಗೆಯೇ. ದಪ್ಪ ಗಟ್ಟಿ ಕಟ್ಟಿಗೆಯ ಹಲಗೆ ನಲುಗುತ್ತದೆ, ಚರಚರ ಸದ್ದು ಮಾಡುತ್ತದೆ, ಹೊರಗೆ ಬರಲು ಒಂದು ಕ್ಷಣ ಕೊಡುತ್ತದೆ.

ಎತ್ತಿದ ಟಿಪ್ಪರಿನ ಡಬ್ಬಿ, ಎತ್ತಿದ ಟ್ರ್ಯಾಕ್ಟರ್ ಟ್ರಾಲಿಗೂ ಇದೇ ಮಾತು. ಬರೀ ಎಣ್ಣೆಯ ಒತ್ತಡದ ಮೇಲೆ ನಿಂತ ಟ್ರಾಲಿಯ ಕೆಳಗೆ ತಲೆ ಹಾಕುವುದಕ್ಕೆ ಮುಂಚೆ ಖಾಲಿ ಮಾಡಿ, ಕಬ್ಬಿಣದ ಆಸರೆ ಕೊಡಬೇಕು. ರೋಟಾವೇಟರ್ ಆದರೆ ನೆಲಕ್ಕೆ ಇಳಿಸಿಯೇ ಮುಟ್ಟಬೇಕು.

ರಿಂಗು ಹಾರಿದರೆ

ಲಾರಿಯ ಗಾಲಿಗಳಲ್ಲಿ ಎರಡು ಬಗೆ. ಈಚಿನ ಟ್ಯೂಬ್‌ಲೆಸ್ ಗಾಲಿಯದು ಒಂದೇ ತುಂಡಿನ ಡಿಸ್ಕ್. ಟ್ಯೂಬಿರುವ ಹಳೆಯ ಬಗೆಯಲ್ಲಿ ಟಯರನ್ನು ಹಿಡಿದಿಡಲು ಬಿಡಿಯಾದ ಲಾಕ್ ರಿಂಗ್ ಇರುತ್ತದೆ. ಬಡಿದು ಕೂರಿಸುವ ಈ ಕಬ್ಬಿಣದ ಬಳೆಯೇ ಪಂಕ್ಚರ್ ಅಂಗಡಿಯ ಅತಿ ಅಪಾಯದ ವಸ್ತು. ಲಾರಿ ಟಯರಿಗೆ ಚದರ ಇಂಚಿಗೆ 100 ಪೌಂಡಿನ ಆಚೀಚೆ ಹವಾ ತುಂಬುತ್ತಾರೆ. ಟಯರಿನ ಪಕ್ಕದ ಅಗಲವನ್ನು ಲೆಕ್ಕ ಹಾಕಿದರೆ ರಿಂಗನ್ನು ಹೊರಕ್ಕೆ ನೂಕುವ ಬಲ ಹತ್ತು ಟನ್ನನ್ನೂ ಮೀರುತ್ತದೆ. ರಿಂಗು ತುಕ್ಕು ಹಿಡಿದಿದ್ದರೆ, ಡೊಂಕಾಗಿದ್ದರೆ, ಬೇರೆ ಕಂಪನಿಯ ರಿಂಗನ್ನು ಹೊಂದಿಸಿದ್ದರೆ, ಅಥವಾ ಗಾಲಿಯ ತೋಡಿನಲ್ಲಿ ಅದು ಪೂರ್ತಿ ಕೂತೇ ಇರದಿದ್ದರೆ, ಹವಾ ತುಂಬುವಾಗ ಹಾರುತ್ತದೆ. ತುಂಬುವವನ ಮುಖ ಸಾಮಾನ್ಯವಾಗಿ ಅದರ ನೇರಕ್ಕೇ ಬಾಗಿರುತ್ತದೆ.

ಇದು ನಮ್ಮ ಊರುಗಳ ಬಡತನದ ಕಥೆ ಮಾತ್ರ ಎಂದುಕೊಳ್ಳಬೇಕಿಲ್ಲ. ಅಮೆರಿಕದಲ್ಲೂ ಹೀಗೆ ಜನ ಸಾಯುತ್ತಿದ್ದರು. ಅಲ್ಲಿನ ಕೆಲಸಗಾರರ ಸುರಕ್ಷತೆಯ ಇಲಾಖೆ 1980ರಲ್ಲಿ ಬಿಡಿ ರಿಂಗಿನ ಗಾಲಿಗಳಿಗೆಂದೇ ನಿಯಮ ಮಾಡಿತು, 1984ರಲ್ಲಿ ಒಂದೇ ತುಂಡಿನ ಗಾಲಿಗಳನ್ನೂ ಅದಕ್ಕೆ ಸೇರಿಸಿತು. ನಿಯಮದ ತಿರುಳು ಇಷ್ಟು: ಗಾಲಿಯನ್ನು ಕಬ್ಬಿಣದ ಪಂಜರದೊಳಗಿಟ್ಟು ಹವಾ ತುಂಬಬೇಕು. ವಾಲ್ವಿಗೆ ತಾನೇ ಕಚ್ಚಿಕೊಳ್ಳುವ ಕ್ಲಿಪ್ ಇರಬೇಕು, ಮೀಟರೂ ಬಿಡುವ ಗುಂಡಿಯೂ ಉದ್ದ ಪೈಪಿನ ಈಚೆ ತುದಿಯಲ್ಲಿರಬೇಕು. ತುಂಬುವವನು ರಿಂಗು ಹಾರಬಹುದಾದ ದಿಕ್ಕಿನಿಂದ ಪಕ್ಕಕ್ಕೆ ನಿಲ್ಲಬೇಕು. ಹವಾ ಇರುವಾಗ ರಿಂಗಿಗೆ ಸುತ್ತಿಗೆ ತಾಗಿಸಲೇಬಾರದು. ಹವಾ ತೀರ ಇಳಿದ ಗಾಲಿಯಲ್ಲಿ, ಅಂದರೆ ಇರಬೇಕಾದ ಹವಾದ ಶೇ 80 ಅಥವಾ ಅದಕ್ಕಿಂತ ಕಡಿಮೆಯಲ್ಲಿ ಲಾರಿ ಓಡಿದ್ದರೆ, ಅದನ್ನು ಆಕ್ಸಲಿನಿಂದ ಬಿಚ್ಚುವ ಮೊದಲೇ ವಾಲ್ವಿನ ಒಳಗಿನ ಕಡ್ಡಿ ತೆಗೆದು ಹವಾ ಪೂರ್ತಿ ಖಾಲಿ ಮಾಡಬೇಕು.

ಕೊನೆಯ ಈ ಮಾತು ನಮ್ಮಲ್ಲಿ ಹೆಚ್ಚು ಮರೆತುಹೋಗುವಂಥದ್ದು. ಜೋಡಿ ಗಾಲಿಯಲ್ಲಿ ಒಳಗಿನದು ಕುಸಿದಿದ್ದರೆ ಭಾರವೆಲ್ಲ ಹೊರಗಿನದರ ಮೇಲೆ ಬಿದ್ದು ಅದರ ರಿಂಗೂ ಡಿಸ್ಕೂ ದುರ್ಬಲವಾಗಿರಬಹುದು. ನಟ್ಟು ಬಿಚ್ಚಿದ ಕೂಡಲೇ ಇಷ್ಟು ಹೊತ್ತು ಹಿಡಿದಿದ್ದ ಬಿಗಿ ಬಿಟ್ಟುಹೋಗುತ್ತದೆ. ಆದ್ದರಿಂದ ಎರಡೂ ಗಾಲಿಗಳ ಹವಾ ತೆಗೆದೇ ನಟ್ಟಿಗೆ ಕೈ ಹಾಕಬೇಕು. ಐದು ನಿಮಿಷದ ಕೆಲಸ.

ಪಂಜರ ಇಲ್ಲದ ಕಡೆ ಸರಪಳಿ ಸುತ್ತುವ, ರಿಂಗಿನ ಮುಖವನ್ನು ನೆಲಕ್ಕೆ ಮಾಡಿ ಗಾಲಿಯನ್ನು ಲಾರಿಯ ಚಾಸಿಯ ಕೆಳಗೆ ತಳ್ಳಿ ತುಂಬುವ ರೂಢಿ ಇದೆ. ಏನೂ ಮಾಡದಿರುವುದಕ್ಕಿಂತ ಮೇಲು, ಅಷ್ಟೇ. ದಪ್ಪ ಕಬ್ಬಿಣದ ಟ್ರಾಲಿಗಳನ್ನು ಲೀಲಾಜಾಲವಾಗಿ ಕಟ್ಟುವ ವೆಲ್ಡಿಂಗ್ ಅಂಗಡಿಗಳು ತಾಲ್ಲೂಕಿಗೆ ಹತ್ತಾರು ಇರುವ ಜಿಲ್ಲೆಯಲ್ಲಿ ಟಯರ್ ಪಂಜರಗಳು ಕಣ್ಣಿಗೆ ಬೀಳುವುದು ಅಪರೂಪ ಎನ್ನುವುದಕ್ಕೆ ನನಗೆ ಒಪ್ಪುವಂಥ ಕಾರಣ ಸಿಕ್ಕಿಲ್ಲ. ತಯಾರಾದದ್ದನ್ನು ಕೊಳ್ಳುವುದು ಉತ್ತಮ. ಕಟ್ಟಿಸುವುದಾದರೆ ಟಯರಿನ ಗರಿಷ್ಠ ಹವಾದ ಒಂದೂವರೆ ಪಟ್ಟು ಒತ್ತಡದ ಸ್ಫೋಟವನ್ನು ತಡೆಯುವಷ್ಟು ಗಟ್ಟಿ ಇರಬೇಕು, ಗೋಡೆಗೆ ಒರಗಿಸದೆ ಬಯಲಿನಲ್ಲಿ ನಿಲ್ಲಿಸಬೇಕು, ಬಿರುಕು ಕಂಡರೆ ಗುಜರಿಗೆ ಹಾಕಬೇಕು.

ಹಳೆಯ ವಿದ್ಯೆ, ಹೊಸ ಎಂಜಿನ್

ಅನುಭವವೇ ಕೈಕೊಡುವ ಪ್ರಸಂಗವೊಂದಿದೆ. ಹಳೆ ಡೀಸೆಲ್ ಎಂಜಿನ್ ‘ಮಿಸ್ಸಿಂಗ್’ ಆಗುತ್ತಿದ್ದರೆ, ಚಾಲೂ ಇರುವಾಗಲೇ ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ನೋಡುವುದು ಉಸ್ತಾದರು ತಲೆಮಾರಿನಿಂದ ಕಲಿತ ಪರೀಕ್ಷೆ. ಯಾವ ನಟ್ಟು ಸಡಿಲಿಸಿದಾಗ ಎಂಜಿನ್ ಸದ್ದಿನಲ್ಲಿ ವ್ಯತ್ಯಾಸವಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಸ್ಕ್ಯಾನರ್ ಇಲ್ಲದ ಕಾಲದಲ್ಲಿ ಕಿವಿಯಿಂದಲೇ ದೋಷ ಹಿಡಿದ ಈ ಜಾಣತನವನ್ನು ಮೆಚ್ಚಲೇಬೇಕು. ಹಳೆ ಪಂಪಿನ ಟ್ರ್ಯಾಕ್ಟರಿನಲ್ಲಿ ಅದು ನಡೆಯುತ್ತಿತ್ತು. ಅಲ್ಲಿಯೂ ಕೈ ದೂರವಿರಬೇಕಿತ್ತು, ಆ ಮಾತು ಬೇರೆ.

ಈಗಿನ ಲಾರಿ, ಪಿಕಪ್, ಜೀಪುಗಳದು ಕಾಮನ್ ರೈಲ್ ಎಂಜಿನ್. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆ. ಅದರಲ್ಲಿ ಡೀಸೆಲಿನ ಒತ್ತಡ ಸದಾ ತುಂಬಿಕೊಂಡಿರುತ್ತದೆ, ಜೋರಾಗಿ ದುಡಿಯುವಾಗ 1,600 ಬಾರ್ ಅಥವಾ ಅದಕ್ಕೂ ಮೇಲೆ. ಕಾರಿನ ಟಯರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ. ಮನುಷ್ಯನ ಚರ್ಮ ತೂತಾಗಲು ಸುಮಾರು 7 ಬಾರ್ ಸಾಕು. ಇಂಥ ಎಂಜಿನ್ ಚಾಲೂ ಇರುವಾಗ ಹಳೆಯ ಅಭ್ಯಾಸದಂತೆ ನಟ್ಟು ಸಡಿಲಿಸಿದರೆ ಹೊರಬರುವ ಡೀಸೆಲಿನ ಎಳೆ ಕಣ್ಣಿಗೂ ಕಾಣುವುದಿಲ್ಲ. ಬೆರಳಿಗೆ ಸೂಜಿ ಚುಚ್ಚಿದಂತೆ ಆಗುತ್ತದೆ, ಒಂದು ಚುಕ್ಕಿ ಕಾಣುತ್ತದೆ, ನೋವೂ ಹೆಚ್ಚಿರುವುದಿಲ್ಲ. ಒಳಗೆ ಮಾತ್ರ ಡೀಸೆಲ್ ನರ–ಸ್ನಾಯುಗಳ ಸಂದಿಯಲ್ಲಿ ಹರಡಿರುತ್ತದೆ. ಅರಿಶಿನ ಮೆತ್ತಿ ಕೆಲಸಕ್ಕೆ ಮರಳಿದವನು ರಾತ್ರಿಯೊಳಗೆ ಊದಿದ ಕೈ ಹಿಡಿದು ಕೂರುತ್ತಾನೆ. ಇದಕ್ಕೆ ಬೇಕಾದದ್ದು ಕೆಲವೇ ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ. ತಡವಾದರೆ ಬೆರಳನ್ನೋ ಕೈಯನ್ನೋ ತೆಗೆಯಬೇಕಾಗಬಹುದು. ಯಾದಗಿರಿಯ ಯಿಮ್ಸ್ ಆಸ್ಪತ್ರೆ ಇರಲಿ, ರಾಯಚೂರಿನ ರಿಮ್ಸ್ ಇರಲಿ, ತಲುಪಿದ ಕೂಡಲೇ ‘ಗಾಯ ಸಣ್ಣದು, ಆದರೆ ಒತ್ತಡದ ಡೀಸೆಲ್ ಒಳಗೆ ಹೋಗಿದೆ’ ಎಂದು ಬಾಯಿಬಿಟ್ಟು ಹೇಳಬೇಕು. ಚುಕ್ಕಿ ನೋಡಿದವರು ಟಿಟಿ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸುವ ಸಾಧ್ಯತೆ ಇದ್ದೇ ಇದೆ.

ಜೆಸಿಬಿ, ಟಿಪ್ಪರು, ಹಾರ್ವೆಸ್ಟರುಗಳ ಹೈಡ್ರಾಲಿಕ್ ಹೋಸಿಗೂ ಇದೇ ಎಚ್ಚರ. ಸೋರಿಕೆ ಹುಡುಕಲು ಬೆರಳು ಸವರಬಾರದು, ಒಂದು ರಟ್ಟಿನ ತುಂಡನ್ನು ಹಿಡಿದು ನೋಡಬೇಕು.

ಕಾಮನ್ ರೈಲ್‌ನಲ್ಲಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಸ್ಕ್ಯಾನರ್ ಬೇಕು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್–6 ಹೊಗೆ ನಿಯಮದ ಗಾಡಿಗಳಷ್ಟೇ ನೋಂದಣಿಯಾಗುತ್ತಿವೆ. 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೂ 2023ರ ಜನವರಿ 1ರಿಂದ ಬಿಗಿಯಾದ ಹೊಗೆ ನಿಯಮ ಬಂದಿದೆ. ಸ್ಕ್ಯಾನರ್ ಕೊಳ್ಳದ ಗ್ಯಾರೇಜು ಇನ್ನು ಬಹಳ ದಿನ ನಡೆಯಲಾರದು. ಆದರೆ ಸ್ಕ್ಯಾನರ್ ಕೊಂಡವರೆಲ್ಲ ದೋಷ ಹಿಡಿಯುತ್ತಾರೆಂದೂ ಅಲ್ಲ. ಪಿ0087 ಎಂಬ ಕೋಡ್ ಬಂತೆನ್ನಿ. ಅದರ ಅರ್ಥ ಡೀಸೆಲ್ ರೈಲಿನ ಒತ್ತಡ ಬೇಕಾದಷ್ಟಿಲ್ಲ ಎಂದು. ‘ಪಂಪ್ ಹೋಗಿದೆ’ ಎಂದಲ್ಲ. ಫಿಲ್ಟರ್ ಕಟ್ಟಿರಬಹುದು, ಬ್ಯಾರೆಲ್ಲಿನಿಂದ ಹಾಕಿಸಿದ ಡೀಸೆಲಿನಲ್ಲಿ ನೀರಿರಬಹುದು, ಪೈಪಿನ ಸಂದಿಯಲ್ಲಿ ಗಾಳಿ ಎಳೆಯುತ್ತಿರಬಹುದು, ಇಂಜೆಕ್ಟರಿನಿಂದ ಹೆಚ್ಚು ವಾಪಸ್ ಹೋಗುತ್ತಿರಬಹುದು, ಸೆನ್ಸರೇ ಸುಳ್ಳು ಹೇಳುತ್ತಿರಬಹುದು. ಅಗ್ಗದ್ದರಿಂದ, ಕೈಗೆ ಎಟಕುವುದರಿಂದ ಶುರು ಮಾಡಿ ಒಂದೊಂದನ್ನೇ ಅಳೆದು ಕೈಬಿಡುತ್ತ ಹೋಗಬೇಕು. ಪಂಪ್ ಕಟ್ಟಕಡೆಯದು.

ಇದೇ ಗಾಡಿಗಳ ಇನ್ನೆರಡು ಸಂಗತಿ. ಬಿಎಸ್–6 ಲಾರಿಗೆ ಹಾಕುವ ಡೆಫ್ ದ್ರಾವಣದಲ್ಲಿ ಯೂರಿಯಾ ಶೇ 32.5ರಷ್ಟು, ಉಳಿದದ್ದು ಶುದ್ಧ ನೀರು. ಮನೆಯಲ್ಲಿ ಗದ್ದೆಗೆಂದು ತಂದ ಯೂರಿಯಾ ಚೀಲವಿದೆಯಲ್ಲ ಎಂದು ಕದಡಿ ಹಾಕಿದರೆ ಗೊಬ್ಬರದಲ್ಲಿನ ಕಲ್ಮಶ ಹೊಗೆ ಶುದ್ಧಿ ಮಾಡುವ ಇಡೀ ವ್ಯವಸ್ಥೆಯನ್ನು ಕೆಡಿಸುತ್ತದೆ. ಮತ್ತೆ, ಹೊಗೆಕೊಳವೆಯ ಮಸಿ ಸುಡುವ ಹೊತ್ತಿನಲ್ಲಿ ಒಳಗಿನ ಶಾಖ 600 ಡಿಗ್ರಿಯ ಹತ್ತಿರ ಹೋಗುತ್ತದೆ. ಹತ್ತಿ ಚೆಲ್ಲಿದ ಮಿಲ್ಲಿನ ಅಂಗಳದಲ್ಲಿ, ಒಣ ಕಣಿಕೆಯ ಮೇಲೆ ನಿಲ್ಲಿಸಿ ಆ ಕೆಲಸಕ್ಕೆ ಹಚ್ಚಬಾರದು.

ಹನ್ನೆರಡು ವೋಲ್ಟಿನ ಲೆಕ್ಕ

“ಉಸ್ತಾದ್, ಗಾಡಿ ಚಾಲೂ ಆಗವಲ್ದ್ರೀ. ಜಲ್ದಿ ನೋಡ್ರಿ, ಹೊಲಕ್ಕ ಹೋಗಬೇಕು.”

“ಸೆಲ್ಫ್ ಹೋಗ್ಯಾದ ನೋಡ್ರಿ ಅಣ್ಣಾರ. ಹೊಸದ್ ಹಾಕಬೇಕು.”

ಯಾವ ಗ್ಯಾರೇಜಿನಲ್ಲಾದರೂ ದಿನಕ್ಕೊಮ್ಮೆ ಕೇಳಬಹುದಾದ ಮಾತು. ಹೊಸ ಸೆಲ್ಫ್ ಬರುತ್ತದೆ, ಎರಡು ದಿನ ಓಡುತ್ತದೆ, ಮತ್ತೆ ಅದೇ ಟಕ್ ಟಕ್ ಸದ್ದು. ಆಮೇಲೆ ಹೊಸ ಬ್ಯಾಟರಿ. ಸಾವಿರಾರು ರೂಪಾಯಿ ಹೋದ ಮೇಲೆ ಯಾರೋ ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯ ಬೋಲ್ಟನ್ನು ಉಜ್ಜಿ ಬಿಗಿಯುತ್ತಾರೆ. ಅಲ್ಲಿಗೆ ದೋಷ ಮುಗಿಯುತ್ತದೆ.

ಇದನ್ನು ಮೊದಲೇ ಹಿಡಿಯಲು ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್, ಹತ್ತು ನಿಮಿಷ. ಸ್ವಲ್ಪ ಹೊತ್ತು ಸುಮ್ಮನಿದ್ದ ಪೂರ್ಣ ಚಾರ್ಜಿನ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು. ಎಂಜಿನ್ ಓಡುವಾಗ 14ರ ಆಸುಪಾಸು ಇದ್ದರೆ ಡೈನಮೋ ತನ್ನ ಕೆಲಸ ಮಾಡುತ್ತಿದೆ. ಇಷ್ಟನ್ನು ಬಹಳ ಜನ ನೋಡುತ್ತಾರೆ. ನೋಡದಿರುವುದು ಮುಂದಿನದು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರೀ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಬೇಕು. ನಡುವೆ ಇರುವುದು ದಪ್ಪ ತಂತಿಯಾದ್ದರಿಂದ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಅರ್ಧ ವೋಲ್ಟ್ ದಾಟಿದರೆ ಕಳ್ಳ ಆ ತಂತಿಯಲ್ಲೋ ಅದರ ಬೋಲ್ಟಿನಲ್ಲೋ ಇದ್ದಾನೆ.

ಲೆಕ್ಕ ನೋಡಿ. ಸೆಲ್ಫ್ ಎಳೆಯುವ ಕರೆಂಟ್ 200 ಆಂಪಿಯರ್ ಎಂದಿಟ್ಟುಕೊಳ್ಳಿ. ತುಕ್ಕು ಹಿಡಿದ ಒಂದು ಬೋಲ್ಟಿನ ತಡೆ ಓಮಿನ ನೂರನೇ ಒಂದು ಭಾಗವಾದರೂ ಅಲ್ಲಿಯೇ ಎರಡು ವೋಲ್ಟ್ ಹೋಯಿತು. ಆ ತಡೆಯನ್ನು ಓಮಿನ ಅಳತೆಯಲ್ಲಿ ಮೀಟರ್ ತೋರಿಸಲಾರದು, ಟೆಸ್ಟ್ ಲ್ಯಾಂಪ್ ಕೂಡ ಚೆನ್ನಾಗಿಯೇ ಉರಿಯುತ್ತದೆ. ಕರೆಂಟ್ ಹರಿಯುವಾಗ ಅಳೆದರೆ ಮಾತ್ರ ಸಿಕ್ಕಿಬೀಳುತ್ತದೆ. ಪಾಸಿಟಿವ್ ಕಡೆಯೂ ಹೀಗೆಯೇ ಒಂದೊಂದು ಹೆಜ್ಜೆ ಅಳೆಯುತ್ತ ಹೋಗಬಹುದು.

ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಅದೇ ಕಡೆಗೆ. ಹುಡುಗರಿಗೆ ಇದನ್ನು ಬಾಯಿಪಾಠ ಮಾಡಿಸುತ್ತಾರೆ, ಯಾಕೆಂದು ಹೇಳುವುದಿಲ್ಲ. ಗಾಡಿಯ ಮೈಯೆಲ್ಲ ನೆಗೆಟಿವ್. ಮೊದಲು ಪಾಸಿಟಿವ್ ಬಿಚ್ಚಲು ಹೋಗಿ ಪಾನಾ ಮೈಗೆ ತಾಗಿದರೆ ನೇರ ಶಾರ್ಟ್ ಆಗಿ ಕಿಡಿ ಹಾರುತ್ತದೆ, ಪಾನಾ ಕೆಂಪಗೆ ಕಾಯುತ್ತದೆ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ. ಗಾಳಿಯಲ್ಲಿ ಅದು ಶೇ 4 ಸೇರಿದ್ದರೂ ಒಂದು ಕಿಡಿಗೆ ಸ್ಫೋಟಿಸಿ ಆಸಿಡ್ ಕಣ್ಣಿಗೆ ಸಿಡಿಯುತ್ತದೆ. ಇನ್ನೊಂದು ಗಾಡಿಯಿಂದ ಕರೆಂಟ್ ಕೊಟ್ಟು ಚಾಲೂ ಮಾಡುವಾಗ ಕೊನೆಯ ಕ್ಲಿಪ್ಪನ್ನು ಕೆಟ್ಟ ಬ್ಯಾಟರಿಯ ಕಂಬಕ್ಕೆ ಹಾಕದೆ ದೂರದ ಎಂಜಿನ್ ಲೋಹಕ್ಕೆ ಹಾಕುವುದೂ ಅದಕ್ಕೇ. ಕಾರಣ ಗೊತ್ತಿದ್ದವನು ಅವಸರದಲ್ಲೂ ಕ್ರಮ ತಪ್ಪುವುದಿಲ್ಲ.

ರೇಡಿಯೇಟರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೇ ತಿಂಗಳಲ್ಲಿ ಬಿಸಿಲೇ 42 ಡಿಗ್ರಿ ಮೀರುವ ಜಿಲ್ಲೆ ಇದು. ಒತ್ತಡದ ಮುಚ್ಚಳದೊಳಗೆ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ, ಮುಚ್ಚಳ ತೆಗೆದ ಕ್ಷಣ ಎಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಉಕ್ಕುತ್ತದೆ. ಮೇಲಿನ ಹೋಸನ್ನು ಹಿಚುಕಿದರೆ ಮೆತ್ತಗಾಗುವ ತನಕ ಕಾಯಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದು ಹೆಡ್ ಬಿರುಕು ಬಿಡಿಸಿಕೊಂಡವರು ಊರಿಗೊಬ್ಬರಾದರೂ ಸಿಗುತ್ತಾರೆ.

ಖಾಲಿ ಟ್ಯಾಂಕು ಖಾಲಿಯಲ್ಲ

ಕಡೇಚೂರಿಗೇ ವಿಶೇಷವಾದ ಅಪಾಯ ಟ್ಯಾಂಕರಿನದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಪಾಯದ ಸರಕು ಸಾಗಿಸುವ ಗಾಡಿಯ ಮೇಲೆ ಒಂದು ಫಲಕ ಇರಲೇಬೇಕು. ಸರಕಿನ ಹೆಸರು, ವಿಶ್ವಸಂಸ್ಥೆ ಕೊಟ್ಟ ಸಂಖ್ಯೆ, ಅದು ಬೆಂಕಿಯದೋ ವಿಷದ್ದೋ ಆಸಿಡ್ಡೋ ಎಂಬ ಗುರುತು, ತುರ್ತು ದೂರವಾಣಿ ಎಲ್ಲವೂ ಅದರಲ್ಲಿ ಇರುತ್ತವೆ. ಚಾಲಕನ ಬಳಿ ಆ ಸರಕಿನ ವಿವರದ ಕಾಗದವೂ ಇರಬೇಕು. ಗ್ಯಾರೇಜಿಗೆ ಟ್ಯಾಂಕರ್ ಬಂದರೆ ಮಿಸ್ತ್ರಿ ಮೊದಲು ಓದಬೇಕಾದದ್ದು ಇದನ್ನು. ಫಲಕ ಅಳಿಸಿದ್ದರೆ, ಕಾಗದ ಇಲ್ಲದಿದ್ದರೆ, ಟಯರ್ ಬದಲಿಸುವುದಕ್ಕಿಂತ ಹೆಚ್ಚಿನ ಕೆಲಸ ಒಪ್ಪಬಾರದು.

‘ಖಾಲಿ ಗಾಡಿ ಅದ ಬಿಡ್ರಿ’ ಎನ್ನುವ ಮಾತನ್ನಂತೂ ನಂಬಲೇಬಾರದು. ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗವಿಲ್ಲ. ಖಾಲಿಯಾದದ್ದರಲ್ಲಿ ತಳದ ಪಸೆಯಿಂದ ಎದ್ದ ಆವಿ ಗಾಳಿಯೊಂದಿಗೆ ಬೆರೆತು ಕಿಡಿಗಾಗಿ ಕಾಯುತ್ತಿರುತ್ತದೆ. ಅದಕ್ಕೆ ವೆಲ್ಡಿಂಗ್ ತಾಗಿಸಿದರೆ ಟ್ಯಾಂಕೇ ಬಾಂಬು. ಸ್ಕೂಟರಿನ ಪೆಟ್ರೋಲ್ ಟ್ಯಾಂಕಿಗೂ ಇದೇ ನ್ಯಾಯ. ಟ್ಯಾಂಕರಿನ ಒಳಗೆ ತೊಳೆಯಲು ಹುಡುಗನನ್ನು ಇಳಿಸುವುದು ಕೊಲೆಗೆ ಸಮ. ಒಳಗೆ ಉಸಿರಾಡುವ ಗಾಳಿ ಇದೆಯೇ ಎಂದು ಉಪಕರಣದಿಂದ ಅಳೆಯದೆ, ಹೊರಗೆ ಹಗ್ಗ ಹಿಡಿದ ಜನರಿಲ್ಲದೆ ಯಾರೂ ಇಳಿಯಬಾರದು. ಅದು ಗ್ಯಾರೇಜಿನ ಕೆಲಸವೇ ಅಲ್ಲ.

ಇಷ್ಟೆಲ್ಲ ನಿಯಮ ಹೇಳಿದ ಮೇಲೆ ಉಸ್ತಾದನ ಕಡೆಯ ಮಾತನ್ನೂ ಹೇಳಬೇಕು. ವಿದ್ಯುತ್ ಬಳಸುವ ಜಾಗದಲ್ಲಿ ಹತ್ತು ಜನ ದುಡಿದರೆ ಅದು ಕಾರ್ಖಾನೆ ಎಂದು 1948ರ ಕಾಯ್ದೆ ಹೇಳಿತ್ತು. 2020ರ ಕಾರ್ಮಿಕ ಸಂಹಿತೆ ಅದನ್ನು ಇಪ್ಪತ್ತಕ್ಕೆ ಏರಿಸಿತು. ಮೂವರ ಗ್ಯಾರೇಜು ಯಾವ ಲೆಕ್ಕಕ್ಕೂ ಬರುವುದಿಲ್ಲ, ಯಾವ ಇನ್‌ಸ್ಪೆಕ್ಟರೂ ಜಾಕ್ ನೋಡಲು ಬರುವುದಿಲ್ಲ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಿದರು, ಒಳ್ಳೆಯದೇ. ಆದರೆ ಮೋಟಾರು ಮೆಕ್ಯಾನಿಕ್ ತರಬೇತಿ ಎರಡು ವರ್ಷದ್ದು. ಈಗಾಗಲೇ ಇಪ್ಪತ್ತು ವರ್ಷ ದುಡಿದ ಉಸ್ತಾದ ಅಂಗಡಿ ಮುಚ್ಚಿ ಅಲ್ಲಿ ಹೋಗಿ ಕೂರಲಾರ. ಅವನಿಗೆ ಬೇಕಾದದ್ದು ಅಮಾವಾಸ್ಯೆಯ ರಜೆಯ ದಿನ ಯಾದಗಿರಿ, ಶಹಾಪುರ, ಸುರಪುರದ ಐಟಿಐ ಅಂಗಳಗಳಲ್ಲಿ ಅರ್ಧ ದಿನದ ಕಲಿಕೆ, ಅದೂ ಅವನ ಭಾಷೆಯಲ್ಲಿ. ಕಡೇಚೂರಿನ ಕಂಪನಿಗಳು ತಮ್ಮ ಸುರಕ್ಷತಾ ಅಧಿಕಾರಿಗಳನ್ನು ಅದಕ್ಕೆ ಕಳಿಸಿದರೆ ಅವರ ಸಾಮಾಜಿಕ ಹೊಣೆಗಾರಿಕೆಯ ಹಣಕ್ಕೆ ಇದಕ್ಕಿಂತ ಹತ್ತಿರದ ಬಳಕೆ ಬೇರೆ ಇಲ್ಲ.

ಹುಡುಗರ ವಿಷಯದಲ್ಲಿ ಮಾತ್ರ ಯಾವ ಸಮಜಾಯಿಷಿಯೂ ಸಲ್ಲದು. 2016ರ ತಿದ್ದುಪಡಿಯ ನಂತರ 14 ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಕಲಿಯಲು ಬಂದಿದ್ದಾನೆ ಎಂಬುದು ಉತ್ತರವಲ್ಲ.

ಮೆಕ್ಯಾನಿಕ್‌ಗಳಿಗೆ ಕಾರ್ಮಿಕ ಇಲಾಖೆಯಲ್ಲಿ ಎರಡು ದಾರಿಗಳಿವೆ. ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಪಟ್ಟಿಯಲ್ಲಿ ಮೆಕ್ಯಾನಿಕ್‌ಗಳಿದ್ದಾರೆ. ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ರಾಜ್ಯ 2024ರಲ್ಲಿ ಮಾಡಿದ ಕಾಯ್ದೆ ಗ್ಯಾರೇಜಿನವರನ್ನೂ ಒಳಗೊಳ್ಳುತ್ತದೆ. ನೋಂದಣಿ ಮಾಡಿಸದವರಿಗೆ ಯಾವುದೂ ಸಿಗುವುದಿಲ್ಲ.

ಗಾಡಿಯ ಮಾಲೀಕರಲ್ಲಿ ಒಂದು ಕೋರಿಕೆ. ‘ಜಲ್ದಿ ಮಾಡ್ರಿ’ ಎಂದು ಉಸ್ತಾದನ ತಲೆಯ ಮೇಲೆ ನಿಲ್ಲಬೇಡಿ. ಅಳೆದು ನೋಡಿದ್ದಕ್ಕೂ ದುಡ್ಡು ಕೊಡಿ, ಸಾಮಾನು ಬದಲಿಸಿದರಷ್ಟೇ ಕೂಲಿ ಎನ್ನಬೇಡಿ. ಪಂಜರವಿಲ್ಲದ ಅಂಗಡಿಯಲ್ಲಿ ರಿಂಗಿನ ಗಾಲಿಗೆ ಹವಾ ತುಂಬಿಸಬೇಡಿ, ತುಂಬಿಸುವಾಗ ಹತ್ತಿರ ನಿಲ್ಲಲೂ ಬೇಡಿ.